ತೋಟ ಕಾಯುವ ಕೋವಿ: ಲೈಸೆನ್ಸ್ ಹೊಂದಿದವರು ತಿಳಿದಿರಬೇಕಾದ ಹೊಣೆಗಾರಿಕೆಗಳು

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಕೋವಿ ಎಂಬುದು ಹೊಸ ವಸ್ತುವೇನಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಅದರ ಸುತ್ತ ಬೆಟ್ಟ, ಬೆಟ್ಟದ ಆಚೆ ಕಾಡು. ಇದು ಈ ಭಾಗದ ಊರುಗಳ ಸಾಮಾನ್ಯ ಚಿತ್ರ. ಹಗಲಿನಲ್ಲಿ ಮಂಗಗಳ ಹಿಂಡು ತೋಟಕ್ಕೆ ಇಳಿದು ಎಳೆ ಅಡಿಕೆ, ಬಾಳೆಗೊನೆ, ಏಲಕ್ಕಿಯನ್ನು ಹಾಳು ಮಾಡಿದರೆ, ರಾತ್ರಿ ಕಾಡುಹಂದಿಗಳು ಗದ್ದೆಗೆ ನುಗ್ಗಿ ತೆನೆ ಕಟ್ಟಿದ ಭತ್ತವನ್ನು ನೆಲಸಮ ಮಾಡುತ್ತವೆ. ಯಲ್ಲಾಪುರದ ಕಡೆ ಕೆಲವು ವರ್ಷ ಕಾಡಾನೆಗಳ ಕಾಟವೂ ಸೇರಿಕೊಳ್ಳುತ್ತದೆ. ವರ್ಷವಿಡೀ ದುಡಿದ ಫಸಲನ್ನು ಉಳಿಸಿಕೊಳ್ಳಲು ರೈತನು ಮಾಳದಲ್ಲಿ ಕುಳಿತು ರಾತ್ರಿ ಕಳೆಯಬೇಕಾಗುತ್ತದೆ. ಆತನ ಪಕ್ಕದಲ್ಲಿ ಒಂದು ಬ್ಯಾಟರಿ, ಒಂದು ಗರ್ನಾಲು, ಕೆಲವರ ಬಳಿ ಒಂದು ಕೋವಿ ಇರುತ್ತದೆ.

ಈ ಕೋವಿಗೆ ಲೈಸೆನ್ಸ್ ಇದೆ ಎಂಬ ಒಂದೇ ಮಾತಿನಿಂದ ಹೊಣೆ ಮುಗಿಯಿತೆಂದು ಬಹಳಷ್ಟು ಮಂದಿ ತಿಳಿದಿದ್ದಾರೆ. ಆದರೆ ಲೈಸೆನ್ಸ್ ಕೈಗೆ ಬಂದ ದಿನದಿಂದಲೇ ಹೊಣೆ ಆರಂಭವಾಗುತ್ತದೆ. ಕೋವಿ ಯಾರ ಕೈಯಲ್ಲಿರಬೇಕು, ಎಲ್ಲಿಯವರೆಗೆ ಒಯ್ಯಬಹುದು, ಮನೆಯಲ್ಲಿ ಹೇಗೆ ಇಡಬೇಕು, ಯಾವ ಪ್ರಾಣಿಯ ಮೇಲೆ ಗುಂಡು ಹಾರಿಸಬಾರದು, ಯಜಮಾನರು ತೀರಿಕೊಂಡ ಮೇಲೆ ಆ ಕೋವಿಯನ್ನು ಏನು ಮಾಡಬೇಕು, ಇವೆಲ್ಲವನ್ನೂ ಕಾನೂನು ವಿಧಿಸಿದೆ. ತಿಳಿಯದೆ ಮಾಡಿದ ತಪ್ಪಿಗೂ ಶಿಕ್ಷೆ ತಪ್ಪುವುದಿಲ್ಲ. ಅದಕ್ಕಿಂತ ಮಿಗಿಲಾಗಿ, ಅಜಾಗರೂಕತೆಯಿಂದ ಹೋದ ಜೀವ ಮತ್ತೆ ಬರುವುದಿಲ್ಲ. 2025ರಲ್ಲಿ ಶಿರಸಿ ತಾಲೂಕಿನಲ್ಲಿ ಏರ್‌ಗನ್‌ನಿಂದ ಆಕಸ್ಮಿಕವಾಗಿ ಹಾರಿದ ಗುಂಡಿಗೆ ಬಾಲಕನೊಬ್ಬ ಬಲಿಯಾದ ಘಟನೆ ಜಿಲ್ಲೆಯವರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಆದ್ದರಿಂದ ಕೋವಿ ಇರುವ ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಮುಖ್ಯ ವಿಷಯಗಳನ್ನು ನಾವು ಇಲ್ಲಿ ಸರಳವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಲೈಸೆನ್ಸ್ ಯಾರಿಗೆ, ಯಾವುದಕ್ಕೆ?

ನಮ್ಮ ದೇಶದಲ್ಲಿ ಬಂದೂಕು ಹೊಂದುವುದು ನಾಗರಿಕನ ಹಕ್ಕಲ್ಲ. ಸರಕಾರವು ಕಾರಣ ನೋಡಿ, ವ್ಯಕ್ತಿಯನ್ನು ನೋಡಿ, ಷರತ್ತಿನೊಂದಿಗೆ ನೀಡುವ ಅನುಮತಿ ಅದು. 1959ರ ಶಸ್ತ್ರಾಸ್ತ್ರ ಕಾಯಿದೆ ಹಾಗೂ 2016ರ ಶಸ್ತ್ರಾಸ್ತ್ರ ನಿಯಮಗಳು ಇದಕ್ಕೆ ಆಧಾರ. ಉತ್ತರ ಕನ್ನಡದಲ್ಲಿ ಲೈಸೆನ್ಸ್ ನೀಡುವ ಅಧಿಕಾರ ಕಾರವಾರದಲ್ಲಿರುವ ಜಿಲ್ಲಾ ದಂಡಾಧಿಕಾರಿಗಳದ್ದು, ಅಂದರೆ ಜಿಲ್ಲಾಧಿಕಾರಿಗಳದ್ದು. ಅರ್ಜಿ ಬಂದ ಮೇಲೆ ಹತ್ತಿರದ ಪೊಲೀಸ್ ಠಾಣೆಯಿಂದ ವರದಿ ತರಿಸಿಕೊಳ್ಳಲಾಗುತ್ತದೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಆತನ ದೈಹಿಕ ಹಾಗೂ ಮಾನಸಿಕ ಆರೋಗ್ಯದ ಬಗ್ಗೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಕೋವಿಯನ್ನು ಸುರಕ್ಷಿತವಾಗಿ ಇಡುವುದಾಗಿ ಆತನು ಲಿಖಿತ ಮುಚ್ಚಳಿಕೆಯನ್ನೂ ಕೊಡಬೇಕು. ಈ ಮುಚ್ಚಳಿಕೆಗೆ ಸಹಿ ಹಾಕಿದವರು ಅದರಲ್ಲಿ ಬರೆದದ್ದನ್ನು ಮನೆಯಲ್ಲಿ ಪಾಲಿಸುತ್ತಿದ್ದೇವೆಯೇ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ರೈತರಿಗೆ ಸಂಬಂಧಿಸಿದಂತೆ ಕಾಯಿದೆಯ 13ನೇ ಕಲಂ ಮುಖ್ಯವಾದುದು. ನಿಜವಾದ ಬೆಳೆ ರಕ್ಷಣೆಯ ಉದ್ದೇಶಕ್ಕೆ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮಲ್ಲಿ ಕೇಪಿನ ಕೋವಿ ಎಂದು ಕರೆಯುವ ಕೋವಿಗೆ ಲೈಸೆನ್ಸ್ ಕೊಡಲು ಅದರಲ್ಲಿ ಅವಕಾಶವಿದೆ. ಅಂಥ ಕೋವಿಯಿಂದ ಬೆಳೆ ಉಳಿಸಲು ಸಾಧ್ಯವಿಲ್ಲವೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಕೋವಿಗೂ, ಉದಾಹರಣೆಗೆ ತೋಟೆ ಹಾಕುವ ಕೋವಿಗೂ ಅನುಮತಿ ಕೊಡಬಹುದು. ಲೈಸೆನ್ಸಿನಲ್ಲಿ 'ಬೆಳೆ ರಕ್ಷಣೆ' ಎಂದು ಬರೆದಿದ್ದರೆ ಆ ಕೋವಿ ಬೆಳೆ ರಕ್ಷಣೆಗೆ ಮಾತ್ರ. ಅದನ್ನು ಹೆಗಲಿಗೇರಿಸಿ ಬೇರೆ ಊರಿನ ಕಾಡಿಗೆ ಹೋಗುವುದು, ಜಗಳದಲ್ಲಿ ಎತ್ತಿ ತೋರಿಸುವುದು, ಮದುವೆಗೆ ಒಯ್ಯುವುದು, ಎಲ್ಲವೂ ಷರತ್ತಿನ ಉಲ್ಲಂಘನೆ.

2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಕೆಲವು ಬದಲಾವಣೆಗಳಾಗಿವೆ. ಮೊದಲು ಒಬ್ಬ ವ್ಯಕ್ತಿ ಮೂರು ಬಂದೂಕುಗಳನ್ನು ಹೊಂದಬಹುದಿತ್ತು. ಈಗ ಎರಡೇ. ಹಿರಿಯರಿಂದ ಬಂದ ಕೋವಿಯೂ ಈ ಲೆಕ್ಕದಲ್ಲೇ ಸೇರುತ್ತದೆ. ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಹೆಚ್ಚಿಸಲಾಗಿದೆ. ಇದಲ್ಲದೆ ಪ್ರತಿಯೊಬ್ಬ ಲೈಸೆನ್ಸ್‌ದಾರನ ವಿವರವೂ ರಾಷ್ಟ್ರೀಯ ದತ್ತಾಂಶದಲ್ಲಿ ದಾಖಲಾಗಿ ಆತನಿಗೆ ವಿಶಿಷ್ಟ ಗುರುತಿನ ಸಂಖ್ಯೆ ದೊರೆಯಬೇಕು. ಹಳೆಯ ಪುಸ್ತಕದ ಲೈಸೆನ್ಸನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಈ ಸಂಖ್ಯೆ ಪಡೆಯದೆ ಉಳಿದವರಿದ್ದರೆ, ಅವರು ತಡಮಾಡದೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು.

ಕೊಡಗಿನವರಿಗೆ ಲೈಸೆನ್ಸ್ ಬೇಡ, ನಮಗೇಕೆ ಬೇಕು ಎಂದು ಕೇಳುವವರಿದ್ದಾರೆ. ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿಶೇಷ ವಿನಾಯಿತಿ ಅದು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿ ಉತ್ತರ ಕನ್ನಡಕ್ಕೆ ಅನ್ವಯಿಸುವುದಿಲ್ಲ.

ಲೈಸೆನ್ಸ್ ಮನೆಗಲ್ಲ, ವ್ಯಕ್ತಿಗೆ

'ನಮ್ಮ ಮನೆಯಲ್ಲಿ ಕೋವಿ ಇದೆ' ಎಂದು ನಾವೆಲ್ಲ ಹೇಳುತ್ತೇವೆ. ಕಾನೂನಿನ ದೃಷ್ಟಿಯಲ್ಲಿ ಕೋವಿ ಮನೆಯದಲ್ಲ, ಲೈಸೆನ್ಸಿನಲ್ಲಿ ಹೆಸರಿರುವವನದು. ಅಪ್ಪನ ಹೆಸರಿನ ಕೋವಿಯನ್ನು ಮಗನು ತೋಟಕ್ಕೆ ಒಯ್ದರೆ, ತೋಟದ ಕೆಲಸದವನ ಕೈಗೆ ಕೊಟ್ಟು 'ಮಂಗ ಬಂದರೆ ಓಡಿಸು' ಎಂದರೆ, ಅದನ್ನು ಹಿಡಿದವನು ಲೈಸೆನ್ಸ್ ಇಲ್ಲದೆ ಬಂದೂಕು ಹೊಂದಿದ ಅಪರಾಧಕ್ಕೆ ಗುರಿಯಾಗುತ್ತಾನೆ. ಕೊಟ್ಟ ಯಜಮಾನನೂ ತಪ್ಪಿತಸ್ಥನಾಗುತ್ತಾನೆ. ಏಕೆಂದರೆ ಪಡೆಯುವವನಿಗೆ ಅಧಿಕಾರವಿದೆಯೇ ಎಂದು ಖಚಿತಪಡಿಸಿಕೊಳ್ಳದೆ ಬಂದೂಕನ್ನು ಕೈಗೆ ಕೊಡುವುದೂ 29ನೇ ಕಲಮಿನ ಪ್ರಕಾರ ಅಪರಾಧ.

ಇದಕ್ಕೆ 3ನೇ ಕಲಮಿನಲ್ಲಿಯೇ ಒಂದು ಚಿಕ್ಕ ವಿನಾಯಿತಿ ಇದೆ. ಲೈಸೆನ್ಸ್‌ದಾರನ ಎದುರಿನಲ್ಲಿ ಅಥವಾ ಆತನ ಲಿಖಿತ ಅಧಿಕಾರಪತ್ರದೊಂದಿಗೆ, ದುರಸ್ತಿಗಾಗಿ, ಲೈಸೆನ್ಸ್ ನವೀಕರಣಕ್ಕಾಗಿ ಅಥವಾ ಲೈಸೆನ್ಸ್‌ದಾರನೇ ಬಳಸುವುದಕ್ಕಾಗಿ ಇನ್ನೊಬ್ಬನು ಕೋವಿಯನ್ನು ಒಯ್ಯಬಹುದು. ವಯಸ್ಸಾದ ತಂದೆಯ ಕೋವಿಯನ್ನು ಮಗನು ನವೀಕರಣಕ್ಕೆ ತರುವಾಗ ತಂದೆಯ ಸಹಿಯಿರುವ ಪತ್ರ ಹಾಗೂ ಮೂಲ ಲೈಸೆನ್ಸ್ ಎರಡೂ ಜೊತೆಯಲ್ಲಿರಬೇಕು. ಈ ವಿನಾಯಿತಿ ಒಯ್ಯುವುದಕ್ಕೆ ಮಾತ್ರ. ಮಗನು ತಾನಾಗಿ ಗುಂಡು ಹಾರಿಸಲು ಇದು ಅನುಮತಿ ಕೊಡುವುದಿಲ್ಲ. ತೋಟ ಕಾಯಲು ಬೇರೊಬ್ಬರು ಬೇಕೇಬೇಕು ಎನ್ನುವವರು ಅವರ ಹೆಸರನ್ನು ರಿಟೇನರ್ ಎಂದು ಲೈಸೆನ್ಸಿನಲ್ಲಿ ಸೇರಿಸಲು ಅರ್ಜಿ ಹಾಕಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ.

ಕೋವಿ ಒಯ್ಯುವಾಗ

ಲೈಸೆನ್ಸಿನಲ್ಲಿ ಕೋವಿಯನ್ನು ಯಾವ ಪ್ರದೇಶದೊಳಗೆ ಒಯ್ಯಬಹುದು ಎಂಬ ಒಂದು ಕಾಲಂ ಇರುತ್ತದೆ. ಬಹಳಷ್ಟು ಮಂದಿ ಓದದೆ ಬಿಡುವುದು ಇದನ್ನೇ. ಅಲ್ಲಿ ಜಿಲ್ಲೆ ಎಂದಿದ್ದರೆ ಜಿಲ್ಲೆಯೊಳಗೆ, ನಿಗದಿತ ಪ್ರದೇಶ ಎಂದಿದ್ದರೆ ಅಷ್ಟರೊಳಗೆ ಮಾತ್ರ. ಸಿದ್ದಾಪುರದ ರೈತನ ಜಮೀನು ಗಡಿ ದಾಟಿ ಸೊರಬ ಅಥವಾ ಸಾಗರ ತಾಲೂಕಿನಲ್ಲಿ ಇದ್ದರೆ ಅದು ಶಿವಮೊಗ್ಗ ಜಿಲ್ಲೆ. ಯಲ್ಲಾಪುರದಿಂದ ಕಲಘಟಗಿಯ ಕಡೆ ಇಳಿದರೆ ಧಾರವಾಡ ಜಿಲ್ಲೆ. ನೆಂಟರ ಊರು ಹತ್ತಿರವಿದೆ ಎಂದು ಕೋವಿ ಹಿಡಿದು ಗಡಿ ದಾಟುವ ಮೊದಲು ಲೈಸೆನ್ಸ್ ಓದಿಕೊಳ್ಳಬೇಕು.

ಕೋವಿ ಒಯ್ಯುವಾಗ ಲೈಸೆನ್ಸ್ ಜೊತೆಯಲ್ಲೇ ಇರಬೇಕು. ಪೊಲೀಸ್ ಅಧಿಕಾರಿ ಕೇಳಿದಾಗ ತೋರಿಸಬೇಕೆಂದು 19ನೇ ಕಲಂ ಹೇಳುತ್ತದೆ. ತೋರಿಸದೆ ಹೋದರೆ ಅಧಿಕಾರಿಯು ಕೋವಿಯನ್ನು ವಶಪಡಿಸಿಕೊಳ್ಳಬಹುದು. ಹೆಸರು ವಿಳಾಸ ಹೇಳಲು ನಿರಾಕರಿಸಿದರೆ ವಾರಂಟ್ ಇಲ್ಲದೆ ಬಂಧಿಸಲೂಬಹುದು. ಮನೆಯಿಂದ ತೋಟಕ್ಕೆ ಡಾಂಬರು ರಸ್ತೆ ದಾಟಿ ಹೋಗಬೇಕಾದವರೂ ಇದನ್ನು ಮರೆಯಬಾರದು.

ಸಾರ್ವಜನಿಕ ಸ್ಥಳದಲ್ಲಿ ಕೋವಿಯನ್ನು ಚೀಲ ಅಥವಾ ಕವಚದಲ್ಲಿ ಮುಚ್ಚಿ, ಸ್ವತಃ ತನ್ನ ಹತೋಟಿಯಲ್ಲಿ ಇಟ್ಟುಕೊಂಡೇ ಸಾಗಬೇಕು. ಜನರೆದುರು ಝಳಪಿಸುವುದು, ಬೈಕಿನ ಹಿಂದೆ ಕುಳಿತವನ ಹೆಗಲಿಗೆ ತೂಗು ಹಾಕುವುದು, ಅಂಗಡಿಯ ಮುಂದೆ ಗೋಡೆಗೆ ಒರಗಿಸಿ ಚಹ ಕುಡಿಯುವುದು, ಇವು ನೋಡಲು ಸಣ್ಣ ವಿಷಯಗಳು. ಆದರೆ ಲೈಸೆನ್ಸ್ ಕಳೆದುಕೊಳ್ಳಲು ಅಷ್ಟೇ ಸಾಕು. ಸಾಗಿಸುವಾಗ ಕೋವಿಯಲ್ಲಿ ತೋಟೆಯಾಗಲಿ, ಕೇಪಾಗಲಿ ಇರಕೂಡದು.

ಇನ್ನೊಂದು ಷರತ್ತು ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ನಿರ್ದಿಷ್ಟ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ ಅಥವಾ ಇತರ ಜನಜಂಗುಳಿಗೆ, ಹಾಗೂ ಶಾಲೆ ಕಾಲೇಜುಗಳ ಆವರಣಕ್ಕೆ ಕೋವಿಯನ್ನು ಒಯ್ಯಬಾರದು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಿರಲಿ, ಊರಿನ ದೇವಸ್ಥಾನದ ತೇರಿರಲಿ, ಚರ್ಚಿನ ಹಬ್ಬದ ಮೆರವಣಿಗೆಯಿರಲಿ, ನಿಯಮ ಒಂದೇ. ಮದುವೆ ಅಥವಾ ಹಬ್ಬದ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸುವುದನ್ನು 2019ರ ತಿದ್ದುಪಡಿ ಪ್ರತ್ಯೇಕ ಅಪರಾಧವನ್ನಾಗಿ ಮಾಡಿದೆ. ಅದರಿಂದ ಇತರರ ಜೀವಕ್ಕೆ ಅಪಾಯ ಒದಗಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಜಾಗರೂಕತೆಯಿಂದ ಗುಂಡು ಹಾರಿಸುವುದಕ್ಕೂ ಇದೇ ಶಿಕ್ಷೆ.

ಮನೆಯಲ್ಲಿ ಇಡುವ ಕ್ರಮ

ಹಳೆಯ ಮನೆಗಳಲ್ಲಿ ಕೋವಿಯನ್ನು ಜಗಲಿಯ ಗೋಡೆಯ ಗೂಟಕ್ಕೆ ತೂಗು ಹಾಕುವ ಅಥವಾ ಬಾಗಿಲ ಮೂಲೆಯಲ್ಲಿ ನಿಲ್ಲಿಸುವ ರೂಢಿ ಇತ್ತು. ಇಂದಿಗೂ ಕೆಲವೆಡೆ ಇದೆ. ಮಕ್ಕಳು, ಕೆಲಸದವರು, ಬಂದ ನೆಂಟರು ಎಲ್ಲರ ಕೈಗೂ ಎಟಕುವ ಜಾಗ ಅದು. ಮಂಗ ಬಂದ ಕೂಡಲೇ ಕೈಗೆ ಸಿಗಲಿ ಎಂಬ ಕಾರಣಕ್ಕೆ ಕೇಪಿನ ಕೋವಿಯನ್ನು ಮದ್ದು, ಚರೆ ತುಂಬಿಯೇ ಇಡುವವರೂ ಇದ್ದಾರೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ.

ತೋಟೆ ಕೋವಿಯನ್ನು ಮಡಚಿ ನೋಡಿದರೆ ಒಳಗೆ ತೋಟೆ ಇದೆಯೋ ಇಲ್ಲವೋ ತಿಳಿಯುತ್ತದೆ. ಕೇಪಿನ ಕೋವಿ ಹಾಗಲ್ಲ. ಮದ್ದು, ಅದರ ಮೇಲೆ ನಾರು, ಚರೆ, ಮತ್ತೆ ನಾರು, ಹೀಗೆ ನಳಿಗೆಯ ಬಾಯಿಂದ ಗಜದಿಂದ ಗಿಡಿದು ತುಂಬಿದ ಮೇಲೆ ಹೊರಗಿನಿಂದ ನೋಡಿದವನಿಗೆ ಅದು ಖಾಲಿಯೋ ತುಂಬಿದೆಯೋ ಗೊತ್ತಾಗುವುದಿಲ್ಲ. ತಿಂಗಳ ಹಿಂದೆ ತುಂಬಿದವನಿಗೇ ನೆನಪಿರುವುದಿಲ್ಲ. ಕೇಪು ಹಾಕಿದ್ದ ಕೋವಿ ನೆಲಕ್ಕೆ ಬಿದ್ದು ಕುದುರೆಗೆ ಪೆಟ್ಟಾದರೆ ಸಾಕು, ಸಿಡಿಯುತ್ತದೆ. ಪರೀಕ್ಷಿಸಲು ಸುಲಭ ಉಪಾಯವಿದೆ. ಮೊದಲು ಕೇಪು ತೆಗೆದಿದೆಯೇ ನೋಡಿಕೊಂಡು, ನಳಿಗೆಯ ಬಾಯಿಗೆ ಮುಖ ಒಡ್ಡದೆ ಪಕ್ಕದಲ್ಲಿ ನಿಂತು ಗಜವನ್ನು ಒಳಗೆ ಇಳಿಸಿ ಗುರುತು ಮಾಡಿಕೊಳ್ಳಬೇಕು. ಆಮೇಲೆ ಅದೇ ಗಜವನ್ನು ನಳಿಗೆಯ ಹೊರಗೆ ಹಿಡಿದು ನೋಡಬೇಕು. ಗಜವು ನಳಿಗೆಯ ಬುಡದವರೆಗೆ ಇಳಿಯದೆ ಮೊದಲೇ ನಿಂತಿದ್ದರೆ ಒಳಗೆ ಮದ್ದು ಇದೆ ಎಂದರ್ಥ.

ಮನೆಯಲ್ಲಿ ಪಾಲಿಸಬೇಕಾದ ಕ್ರಮ ಇಷ್ಟೇ. ತೋಟದಿಂದ ಬಂದ ಕೂಡಲೇ ಕೋವಿಯನ್ನು ಖಾಲಿ ಮಾಡಬೇಕು. ಬೀಗವಿರುವ ಕಬ್ಬಿಣದ ಕಪಾಟಿನಲ್ಲಿ ಅಥವಾ ಗಟ್ಟಿ ಪೆಟ್ಟಿಗೆಯಲ್ಲಿ ಇಡಬೇಕು. ತೋಟೆ, ಮದ್ದು, ಕೇಪುಗಳನ್ನು ಬೇರೆಯೇ ಜಾಗದಲ್ಲಿ, ಬೇರೆ ಬೀಗದಲ್ಲಿ ಇಡಬೇಕು. ಬೀಗದ ಕೈ ಲೈಸೆನ್ಸ್‌ದಾರನ ಬಳಿಯೇ ಇರಬೇಕು. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿಯುತ್ತದೆಂದು ಒಲೆಯ ಮೇಲಿನ ಅಟ್ಟದಲ್ಲಿ ಅಥವಾ ಅಡಿಕೆ ಒಣಗಿಸುವ ಬೆಂಕಿಯ ಸಮೀಪ ಇಡುವುದು ಮನೆಗೇ ಬೆಂಕಿ ಇಟ್ಟಂತೆ. ಲೈಸೆನ್ಸಿನಲ್ಲಿ ಎಷ್ಟು ಮದ್ದುಗುಂಡು ಇಟ್ಟುಕೊಳ್ಳಬಹುದೆಂದು ಬರೆದಿದೆಯೋ ಅದಕ್ಕಿಂತ ಹೆಚ್ಚು ಇಡಬಾರದು.

ಏರ್‌ಗನ್ ಬಗ್ಗೆಯೂ ಒಂದು ಮಾತು. 20 ಜೌಲ್‌ಗಿಂತ ಕಡಿಮೆ ಶಕ್ತಿಯ .177 ಇಂಚಿನ ಏರ್‌ಗನ್‌ಗೆ ಸಾಮಾನ್ಯವಾಗಿ ಲೈಸೆನ್ಸ್ ಬೇಕಿಲ್ಲ. ಈ ಕಾರಣಕ್ಕೇ ಅದನ್ನು ಆಟಿಕೆಯಂತೆ ಕಾಣಲಾಗುತ್ತಿದೆ. ಮಂಗ ಓಡಿಸಲೆಂದು ತಂದ ಏರ್‌ಗನ್ ಮಂಚದ ಮೇಲೆ, ಜಗಲಿಯ ಕಟ್ಟೆಯ ಮೇಲೆ ಬಿದ್ದಿರುತ್ತದೆ. ಹತ್ತಿರದಿಂದ ಬಿದ್ದ ಅದರ ಸಣ್ಣ ಗುಂಡು ಮಗುವಿನ ಜೀವ ತೆಗೆಯಬಲ್ಲದು. ಕೋವಿಗೆ ಹೇಳಿದ ಬೀಗದ ಮಾತು ಏರ್‌ಗನ್‌ಗೂ ಅನ್ವಯಿಸುತ್ತದೆ.

ಗುಂಡು ಹಾರಿಸುವ ಮುನ್ನ

ಕೋವಿಯ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ನಿಷಿದ್ಧ. ಈ ಕಾಯಿದೆಯ ಅನುಸೂಚಿಗಳನ್ನು 2022ರಲ್ಲಿ ತಿದ್ದುಪಡಿ ಮಾಡಲಾಗಿದ್ದು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ನಮ್ಮ ತೋಟಕ್ಕೆ ಬರುವ ಸಾಮಾನ್ಯ ಮಂಗವೂ ಮೊದಲನೇ ಅನುಸೂಚಿಯಲ್ಲಿದೆ. ನವಿಲು, ಸಿಂಗಳೀಕ, ಆನೆಗಳೂ ಅದರಲ್ಲೇ ಇವೆ. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ತನ್ನ ತೋಟದೊಳಗೇ ಬಂದಿತ್ತು, ತನ್ನ ಬೆಳೆಯನ್ನೇ ತಿನ್ನುತ್ತಿತ್ತು ಎಂಬ ಸಮಜಾಯಿಷಿ ಕೊಲ್ಲುವುದಕ್ಕೆ ಅನುಮತಿಯಾಗುವುದಿಲ್ಲ.

ಹಾಗಾದರೆ ರೈತನಿಗೆ ದಾರಿಯೇ ಇಲ್ಲವೇ? ಕಾಯಿದೆಯ 11ನೇ ಕಲಮಿನಲ್ಲಿ ದಾರಿ ಇದೆ. ಎರಡನೇ ಅನುಸೂಚಿಯ ಪ್ರಾಣಿಯೊಂದು ಮನುಷ್ಯರ ಜೀವಕ್ಕೆ ಅಥವಾ ಹೊಲದಲ್ಲಿ ನಿಂತ ಬೆಳೆ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಗಳನ್ನು ಬರೆದು ಲಿಖಿತ ಆದೇಶದ ಮೂಲಕ ಅದನ್ನು ಕೊಲ್ಲಲು ಅನುಮತಿಸಬಹುದು. ಮೊದಲನೇ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಬೆಳೆ ಹಾನಿ ಕಾರಣವಾಗುವುದಿಲ್ಲ. ಮನುಷ್ಯರ ಜೀವಕ್ಕೆ ಅಪಾಯವಿದ್ದರೆ ಅಥವಾ ಪ್ರಾಣಿ ಗುಣವಾಗದ ಸ್ಥಿತಿಯಲ್ಲಿದ್ದರೆ ಮಾತ್ರ, ಅದೂ ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶದಿಂದ. ಪ್ರಾಣಿಯು ಮೈಮೇಲೆ ಎರಗಿದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ. ಆದರೆ ಆ ಪ್ರಾಣಿಯ ದೇಹ ಸರಕಾರದ ಸ್ವತ್ತು. ಕೂಡಲೇ ಅರಣ್ಯ ಇಲಾಖೆಗೆ ತಿಳಿಸಬೇಕು. ಮಾಂಸ ಹಂಚಿಕೊಂಡರೆ ಆತ್ಮರಕ್ಷಣೆಯ ವಾದ ಅಲ್ಲಿಗೇ ಮುಗಿಯಿತು.

ಮೊದಲನೇ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಮೂರರಿಂದ ಏಳು ವರ್ಷ ಸೆರೆವಾಸ ಹಾಗೂ ಕನಿಷ್ಠ 25,000 ರೂಪಾಯಿ ದಂಡವಿದೆ. ಬಳಸಿದ ಕೋವಿ, ವಾಹನ ಸರಕಾರಕ್ಕೆ ಸೇರುತ್ತವೆ. ಶಿಕ್ಷೆಯಾದವನ ಕೋವಿ ಲೈಸೆನ್ಸನ್ನು ರದ್ದುಪಡಿಸಿ, ಐದು ವರ್ಷ ಹೊಸ ಲೈಸೆನ್ಸಿಗೆ ಅನರ್ಹನೆಂದು ನ್ಯಾಯಾಲಯ ಆದೇಶಿಸಬಹುದು. ಒಂದು ರಾತ್ರಿಯ ಶಿಕಾರಿಗೆ ತಲೆಮಾರಿನಿಂದ ಬಂದ ಕೋವಿ, ಬೆಳೆ ಕಾಯುವ ಅವಕಾಶ, ಮರ್ಯಾದೆ ಎಲ್ಲವೂ ಹೋಗುತ್ತವೆ.

ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲಿಯೂ ತಮ್ಮ ಹೆಸರು ನೋಂದಾಯಿಸಬೇಕೆಂದು ಇದೇ ಕಾಯಿದೆಯ 34ನೇ ಕಲಂ ಹೇಳುತ್ತದೆ. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಾನುಮತಿ ಬೇಕು. ಶಿರಸಿ ಮತ್ತು ಸಿದ್ದಾಪುರದವರಿಗೆ ಇದು ದೂರದ ಮಾತಲ್ಲ. 2011ರಲ್ಲಿ ಇಲ್ಲಿಯ ಕಾಡುಗಳನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ತಮ್ಮ ಊರು ಈ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯಬಹುದು. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಕೋವಿ ಹಿಡಿದು ಕಾಲಿಡುವಂತಿಲ್ಲ.

ಮಂಗಗಳ ವಿಷಯದಲ್ಲಿ ಆರೋಗ್ಯದ ಪ್ರಶ್ನೆಯೂ ಇದೆ. 1957ರಲ್ಲಿ ಸಿದ್ದಾಪುರಕ್ಕೆ ತಾಗಿಕೊಂಡಿರುವ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರದಲ್ಲಿಯೂ ಜೀವಗಳನ್ನು ಬಲಿ ಪಡೆದಿದೆ. ಸತ್ತ ಮಂಗದ ಮೈಯಿಂದ ಇಳಿಯುವ ಉಣ್ಣೆಗಳು ರೋಗ ಹರಡುತ್ತವೆ. ಆದ್ದರಿಂದ ಮಂಗ ಸತ್ತು ಬಿದ್ದಿರುವುದು ಕಂಡರೆ ಮುಟ್ಟದೆ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಇನ್ನು ಮನುಷ್ಯರ ಮಾತು. ಕತ್ತಲಿನಲ್ಲಿ ಪೊದೆ ಅಲುಗಿದ ಸದ್ದಿಗೆ ಗುಂಡು ಹಾರಿಸಬಾರದು. ಅಲ್ಲಿ ಇರುವುದು ಹಂದಿಯೋ, ನೀರು ತಿರುಗಿಸಲು ಬಂದ ನೆರೆಯವನೋ, ಸೊಪ್ಪಿಗೆ ಬಂದ ಹೆಣ್ಣುಮಗಳೋ ಯಾರಿಗೆ ಗೊತ್ತು? ಕಣ್ಣಿಗೆ ಕಾಣದ್ದಕ್ಕೆ ಗುರಿ ಇಡಬಾರದು ಎಂಬುದು ಕೋವಿ ಹಿಡಿದವನ ಮೊದಲ ಪಾಠ. ಪ್ರಾಣಿ ಓಡಿಸಲು ಸದ್ದು ಸಾಕು. ಚರೆ ಹಾಕದೆ ಮದ್ದು ಮಾತ್ರ ತುಂಬಿ ಹೊಡೆದರೂ ಬೆಟ್ಟವೆಲ್ಲ ಕೇಳುವಷ್ಟು ಶಬ್ದ ಬರುತ್ತದೆ. ಹಂದಿ ಬರುವ ದಾರಿಗೆ ತಂತಿ ಕಟ್ಟಿ ತಾನಾಗಿ ಸಿಡಿಯುವಂತೆ ಕೋವಿ ಹೂಡಿಡುವುದಂತೂ ಮಹಾಪರಾಧ. ಆ ತಂತಿಗೆ ಹಂದಿಯ ಕಾಲು ಯಾವುದು, ಮನುಷ್ಯನ ಕಾಲು ಯಾವುದು ಎಂದು ತಿಳಿಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ಐದು ವರ್ಷದವರೆಗೆ ಸೆರೆವಾಸವಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು.

ದುರಸ್ತಿ, ಮಾರಾಟ, ಕಳವು

ಕೋವಿ ಕೆಟ್ಟರೆ ಊರಿನ ಕಮ್ಮಾರನ ಬಳಿ ಒಯ್ಯುವುದು ನಮ್ಮಲ್ಲಿ ಸಾಮಾನ್ಯ. ಬಂದೂಕು ತಯಾರಿಸಲು ಮಾತ್ರವಲ್ಲ, ದುರಸ್ತಿ ಮಾಡಲೂ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡಿದವನಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಕುದುರೆಯ ಸ್ಪ್ರಿಂಗ್ ಹಾಕಿಕೊಟ್ಟ ಬಡ ಕಮ್ಮಾರನನ್ನು ಈ ಕಷ್ಟಕ್ಕೆ ಸಿಲುಕಿಸುವುದು ನ್ಯಾಯವಲ್ಲ. ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೇ ಒಯ್ಯಬೇಕು.

ಕೋವಿಯನ್ನು ಮಾರುವ ಮೊದಲು ಜಿಲ್ಲಾ ದಂಡಾಧಿಕಾರಿಗೆ ಅಥವಾ ಠಾಣೆಗೆ ಮುಂಚಿತವಾಗಿ ಬರವಣಿಗೆಯಲ್ಲಿ ತಿಳಿಸಬೇಕು. ಕೊಳ್ಳುವವನಿಗೆ ಲೈಸೆನ್ಸ್ ಇರಬೇಕು. ಕೋವಿ ಅಥವಾ ತೋಟೆ ಕಳೆದುಹೋದರೆ, ಕಳವಾದರೆ, ಅಂದೇ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಬೇಕು. ಮಾನಕ್ಕೆ ಹೆದರಿ ಸುಮ್ಮನಿದ್ದರೆ, ಆ ಕೋವಿಯಿಂದ ಮುಂದೆ ಏನಾದರೂ ನಡೆದಾಗ ಮೊದಲ ಪ್ರಶ್ನೆ ಬರುವುದು ಲೈಸೆನ್ಸ್‌ದಾರನಿಗೇ.

ಚುನಾವಣೆ ಬಂದಾಗ

ಪ್ರತಿ ಚುನಾವಣೆಯ ಸಮಯದಲ್ಲಿ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಸೂಚನೆ ಬರುತ್ತದೆ. ಬೆಳೆಗೆ ಪ್ರಾಣಿಗಳ ಕಾಟ ಜೋರಾಗಿರುವಾಗಲೇ ಕೋವಿ ಠಾಣೆಯಲ್ಲಿರುವುದು ರೈತರ ಬಹುಕಾಲದ ದೂರು. ಈ ಬಗ್ಗೆ ಚುನಾವಣಾ ಆಯೋಗದ ಮಾರ್ಗಸೂಚಿ ಇದೆ. ಜಿಲ್ಲಾ ದಂಡಾಧಿಕಾರಿ ಹಾಗೂ ಪೊಲೀಸ್ ವರಿಷ್ಠಾಧಿಕಾರಿಗಳಿರುವ ಪರಿಶೀಲನಾ ಸಮಿತಿ ಲೈಸೆನ್ಸ್‌ದಾರರ ಪಟ್ಟಿಯನ್ನು ನೋಡಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯುಳ್ಳವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರು ಮುಂತಾದವರ ಬಗ್ಗೆ ವಿಶೇಷವಾಗಿ ಪರಿಶೀಲಿಸಬೇಕು. ಆದ್ದರಿಂದ ಬೆಳೆ ರಕ್ಷಣೆಗೆ ಕೋವಿ ಅನಿವಾರ್ಯವೆನ್ನುವ ರೈತನು ಜಮೀನಿನ ಪಹಣಿ, ಲೈಸೆನ್ಸಿನ ಪ್ರತಿ ಹಾಗೂ ಬೆಳೆ ಹಾನಿಯ ವಿವರದೊಂದಿಗೆ ವಿನಾಯಿತಿ ಕೋರಿ ಅರ್ಜಿ ಕೊಡಬಹುದು. ವಿನಾಯಿತಿ ಸಿಗುವ ತನಕ ಆದೇಶವನ್ನು ಪಾಲಿಸಲೇಬೇಕು. ಠೇವಣಿ ಇಡುವಾಗ ಕೋವಿಯ ನಂಬರ್ ಬರೆದ ರಸೀದಿಯನ್ನು ಮರೆಯದೆ ಪಡೆಯಬೇಕು. ಚುನಾವಣೆ ಮುಗಿದ ಮೇಲೆ ಹಿಂದಕ್ಕೆ ತರಲು ಅದೇ ಆಧಾರ.

ಯಜಮಾನರು ತೀರಿಕೊಂಡಾಗ

ಅತಿ ಹೆಚ್ಚು ಕುಟುಂಬಗಳು ತಿಳಿಯದೆ ತೊಂದರೆಗೆ ಸಿಲುಕುವುದು ಇಲ್ಲಿಯೇ. ಲೈಸೆನ್ಸ್‌ದಾರನು ತೀರಿಕೊಂಡ ದಿನವೇ ಆ ಲೈಸೆನ್ಸಿನ ಬಲ ಮುಗಿಯುತ್ತದೆ. ಅಂದಿನಿಂದ ಕೋವಿ ಮನೆಯಲ್ಲಿರುವುದು ಕಾನೂನುಬದ್ಧವಲ್ಲ. ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಠೇವಣಿ ಇಡಬೇಕೆಂದು 21ನೇ ಕಲಂ ಹೇಳುತ್ತದೆ. 'ಅಜ್ಜನ ಕೋವಿ, ನೆನಪಿಗೆ ಇರಲಿ' ಎಂದು ಅಟ್ಟದ ಮೇಲೆ ಇಟ್ಟರೆ, ಹತ್ತು ವರ್ಷದ ನಂತರ ಅದು ಲೈಸೆನ್ಸ್ ಇಲ್ಲದ ಕೋವಿಯಾಗಿ ಸಿಕ್ಕಿಬೀಳುತ್ತದೆ. ಲೈಸೆನ್ಸ್ ಇಲ್ಲದೆ ಬಂದೂಕು ಹೊಂದಿದ್ದಕ್ಕೆ ಎರಡರಿಂದ ಐದು ವರ್ಷದ ಸೆರೆವಾಸವಿದೆ.

ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು. ಮಗನಂತೆ ಮಗಳಿಗೂ, ಹೆಂಡತಿಗೂ ಈ ಹಕ್ಕಿದೆ. ಸಾಯುವ ತನಕ ಕಾಯಬೇಕಾಗಿಯೂ ಇಲ್ಲ. ಲೈಸೆನ್ಸ್‌ದಾರನಿಗೆ 70 ವರ್ಷವಾದಾಗ ಅಥವಾ ಆತನು ಕೋವಿಯನ್ನು 25 ವರ್ಷ ಹೊಂದಿದ್ದಾಗ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅರ್ಹ ವಾರಸುದಾರರಿಗೆ ವರ್ಗಾಯಿಸಲು ಕೋರಬಹುದು. ಕಣ್ಣು ಮಂಜಾದ, ಕೈ ನಡುಗುವ ಹಿರಿಯರಿರುವ ಮನೆಯವರು ಈ ಅವಕಾಶವನ್ನು ಬಳಸಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ನವೀಕರಣದ ಅರ್ಜಿಯನ್ನೂ ಕೊನೆಯ ದಿನದವರೆಗೆ ಮುಂದೂಡದೆ ಎರಡು ತಿಂಗಳ ಮುಂಚೆಯೇ ಕೊಡಬೇಕು. ಲೈಸೆನ್ಸ್ ನಿರಾಕರಿಸಿದರೆ ಅಥವಾ ರದ್ದುಪಡಿಸಿದರೆ ಮೇಲ್ಮನವಿಗೆ 18ನೇ ಕಲಮಿನಲ್ಲಿ ಅವಕಾಶವಿದೆ. ಷರತ್ತು ಮುರಿದರೆ, ಬೇರೆ ಅಪರಾಧ ನಡೆಯದಿದ್ದರೂ, ಆರು ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ಕೊನೆಯದಾಗಿ

ರೈತನ ಕಷ್ಟ ನಿಜವಾದದ್ದು. ಬೆಳೆ ಹಾನಿಯಾದಾಗ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಿ ಪರಿಹಾರ ಪಡೆಯುವ ಹಕ್ಕನ್ನು ಬಿಟ್ಟುಕೊಡಬಾರದು. ಪರಿಹಾರದ ಮೊತ್ತ ಕಡಿಮೆ ಎನಿಸಿದರೂ ಅರ್ಜಿಯಿಂದ ಹಾನಿ ದಾಖಲಾಗುತ್ತದೆ. ಮುಂದೆ ಕೋವಿ ಲೈಸೆನ್ಸಿಗೆ, ಚುನಾವಣೆಯ ವಿನಾಯಿತಿಗೆ, ಹಂದಿಯ ವಿಷಯದಲ್ಲಿ ಅನುಮತಿಗೆ ಆ ದಾಖಲೆಯೇ ಆಧಾರವಾಗುತ್ತದೆ. ಬೇಲಿ, ಸರದಿಯ ಮೇಲೆ ಊರವರೆಲ್ಲ ಸೇರಿ ಮಾಡುವ ಕಾವಲು ಮುಂತಾದವನ್ನು ಜೊತೆಗೂಡಿ ನಡೆಸಿದರೆ ಒಬ್ಬನೇ ಕೋವಿ ಹಿಡಿದು ಕೂರುವ ಅಗತ್ಯವೂ ಕಡಿಮೆಯಾಗುತ್ತದೆ.

ಈ ಲೇಖನ ಓದಿದ ಮೇಲೆ ಕೋವಿ ಇರುವ ಮನೆಯವರು ಇಂದೇ ನಾಲ್ಕು ಕೆಲಸ ಮಾಡಬೇಕೆಂದು ನಾವು ವಿನಂತಿಸುತ್ತೇವೆ. ಲೈಸೆನ್ಸ್ ಹೊರತೆಗೆದು ಅವಧಿ, ಪ್ರದೇಶ, ಉದ್ದೇಶ ಈ ಮೂರನ್ನೂ ಓದಿ. ಗಜ ಇಳಿಸಿ ಅಥವಾ ಕೋವಿ ಮಡಚಿ ಖಾಲಿ ಇದೆಯೇ ಪರೀಕ್ಷಿಸಿ. ಕೋವಿಗೂ ಮದ್ದಿಗೂ ಬೇರೆ ಬೇರೆ ಬೀಗ ಹಾಕಿ. ತೀರಿಕೊಂಡವರ ಹೆಸರಿನಲ್ಲಿರುವ ಕೋವಿ ಮನೆಯಲ್ಲಿದ್ದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ. ಹಾಳಾದ ಒಂದು ಗೊನೆ ಅಡಿಕೆಯನ್ನು ಮುಂದಿನ ವರ್ಷದ ಫಸಲು ತುಂಬಿಕೊಡಬಹುದು. ಹೋದ ಜೀವವನ್ನು ಯಾವ ಫಸಲೂ ತುಂಬಿಕೊಡಲಾರದು.